ಗ್ರೀಕರ ಸುಗಂಧ ಬುಡ್ಡಿ, ಮತ್ತೋಡಿನ ಗಾಜು

ಪುರಾತನ ಗ್ರೀಕರ ಗಾಜಿನ ಸುಗಂಧ ಬುಡ್ಡಿಗಳನ್ನು ಮೆಚ್ಚುವವರು ಮೊದಲು ಹೊಗಳುವುದು ಆಕಾರವನ್ನು. ಆ ಆಕಾರ ಮಣ್ಣಿನ, ಕಲ್ಲಿನ ಪಾತ್ರೆಗಳಿಂದ ಪಡೆದ ಎರವಲು. ಗಾಜುಗಾರನ ಸ್ವಂತ ಸಾಧನೆ ಇರುವುದು ಬಣ್ಣದಲ್ಲಿ.

ಕ್ರಿ.ಪೂ. 6ನೇ ಶತಮಾನದಲ್ಲಿ ಗಾಜು ಊದುವ ವಿದ್ಯೆ ಇರಲಿಲ್ಲ. ಲೋಹದ ಸಲಾಕೆಯ ತುದಿಗೆ ಮಣ್ಣಿನ ತಿರುಳು ಕಟ್ಟಿ, ಅದರ ಮೇಲೆ ಕರಗಿದ ಕಡುನೀಲಿ ಗಾಜು ಹತ್ತಿಸುತ್ತಿದ್ದರು. ಬಿಸಿ ಆರುವ ಮುನ್ನವೇ ಹಳದಿ, ಬಿಳಿ ಎಳೆಗಳನ್ನು ಸುತ್ತಿ, ಚೂಪು ಮೊನೆಯಿಂದ ಮೇಲಕ್ಕೂ ಕೆಳಕ್ಕೂ ಎಳೆದರೆ ಅಂಕುಡೊಂಕು ಗೆರೆ ಮೂಡುತ್ತಿತ್ತು. ತಣಿದ ಮೇಲೆ ಒಳಗಿನ ಮಣ್ಣನ್ನು ಕೆರೆದು ತೆಗೆಯಬೇಕು. ಬಹುಪಾಲು ಬುಡ್ಡಿಗಳು ಒಂದು ಗೇಣಿಗಿಂತ ಚಿಕ್ಕವು. ಅಷ್ಟು ಸಣ್ಣ ಮೈಮೇಲೆ ಕೈ ತಪ್ಪಿದರೆ ತಿದ್ದಲು ಅವಕಾಶವೇ ಇಲ್ಲ; ಆ ಗೆರೆಗಳ ಜೀವ ಇರುವುದು ಈ ಅಪಾಯದಲ್ಲೇ. ಅಲಬಾಸ್ಟ್ರಾನ್ ಎಂಬ ಬಗೆಯ ಬುಡ್ಡಿಗೆ ದುಂಡು ತಳ, ತಾನಾಗಿ ನಿಲ್ಲದು. ಅದು ಕೊರತೆಯೇ. ಆದರೆ ಅದರ ಕಿರಿದಾದ ಕತ್ತು, ಅಗಲವಾದ ಬಾಯಂಚು ಸುಗಂಧತೈಲವನ್ನು ಹನಿಹನಿಯಾಗಿ ಮೈಗೆ ಸವರಲು ಹೇಳಿ ಮಾಡಿಸಿದಂತಿವೆ. ಕ್ರಿ.ಪೂ. 1ನೇ ಶತಮಾನದಲ್ಲಿ ಸಿರಿಯಾ ಕರಾವಳಿಯ ಕಡೆ ಊದುವ ವಿದ್ಯೆ ಬಂದಿತು, ಗಾಜು ಅಗ್ಗವಾಯಿತು, ಈ ಕಸುಬು ನಿಂತಿತು.

ಇಷ್ಟು ಮೆಚ್ಚಿದ ಮೇಲೂ ಒಂದು ಮಾತು ಉಳಿಯುತ್ತದೆ. ಗ್ರೀಕ್ ಕುಶಲಕರ್ಮಿಗಳು ರೂಪ ಕೊಟ್ಟ ಕಚ್ಚಾ ಗಾಜು ಬಹುಮಟ್ಟಿಗೆ ಈಜಿಪ್ಟ್, ಸಿರಿಯಾ ಕಡೆಯಿಂದ ಹಡಗಿನಲ್ಲಿ ಬಂದದ್ದು. ನಮ್ಮ ಶಿರಾಕ್ಕೆ ಪಡುವಲಲ್ಲಿರುವ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಹಾಗಿರಲಿಲ್ಲ. 1800–01ರಲ್ಲಿ ಈ ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಲ್ಲಿನ ಕುಲುಮೆಗಳನ್ನು ಕಂಡು ಬರೆದಿದ್ದಾನೆ. ಅಲ್ಲಿನವರು ಚೌಳು ಮಣ್ಣು, ಬೆಣಚುಕಲ್ಲಿನ ಪುಡಿಯಿಂದ ತಾವೇ ಗಾಜು ಕಾಯಿಸಿ, ಬಣ್ಣಬಣ್ಣದ ಬಳೆ ಮಾಡುತ್ತಿದ್ದರು. ಬೆಳೆಗೆ ಶತ್ರುವಾದ ಚೌಳನ್ನು ಹೆಂಗಸರ ಮುಂಗೈಯ ಒಡವೆಯಾಗಿಸಿದ ವಿದ್ಯೆ ಅದು. ರೂಪದ ಸೊಬಗಿನಲ್ಲಿ ಗ್ರೀಕರೇ ಮುಂದು. ಗಾಜನ್ನೇ ಹುಟ್ಟಿಸುವ ಕೆಲಸದಲ್ಲಿ ಮತ್ತೋಡಿನವರದು ಮೇಲುಗೈ ಎಂದೇ ನನ್ನ ತೀರ್ಮಾನ.

ಆ ಪುಟ್ಟ ಬುಡ್ಡಿಗಳಿಗೆ ಜಗತ್ತಿನ ದೊಡ್ಡ ಮ್ಯೂಸಿಯಂಗಳಲ್ಲಿ ಜಾಗವಿದೆ. ನಮ್ಮ ಸೀಮೆಯ ಇತಿಹಾಸವಾದರೋ ಮಧುಗಿರಿಯ ಕೋಟೆ, ಶಿರಾದ ಮಲಿಕ್ ರೆಹಾನ್ ಗೋರಿಯ ಆಚೆಗೆ ಕುಲುಮೆಯ ತನಕ ಹೋಗುವುದೇ ಕಡಿಮೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಹೊಲಗಳಲ್ಲಿ ಹಳೆಯ ಬಳೆಚೂರು, ಗಾಜಿನ ಕಿಟ್ಟ ಕಣ್ಣಿಗೆ ಬಿದ್ದರೆ ಓದುಗರು ಅದನ್ನು ಕೀಳದೆ ಜಾಗ ಗುರುತಿಟ್ಟು, ಪುರಾತತ್ತ್ವ ಇಲಾಖೆಗೆ ತಿಳಿಸಬೇಕು.