ರಷ್ಯಾದ ಕಲೆಯನ್ನು ಪ್ರವಾಸಿಗೆ ತೋರಿಸುವ ಬಗೆ: ಒಂದು ವಿಮರ್ಶೆ

ಮಾಸ್ಕೋ ಮತ್ತು ಸೇಂಟ್ ಪೀಟರ್ಸ್‌ಬರ್ಗ್ ನಗರಗಳ ಪ್ಯಾಕೇಜ್ ಪ್ರವಾಸಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ಮೊದಲು ಕೆಂಪು ಚೌಕ, ಕ್ರೆಮ್ಲಿನ್, ಸಂತ ಬೆಸಿಲ್ ಚರ್ಚು, ಮೆಟ್ರೊ ನಿಲ್ದಾಣಗಳು, ಟ್ರೆಟ್ಯಾಕೋವ್ ಗ್ಯಾಲರಿ. ಆಮೇಲೆ ರೈಲು ಹತ್ತಿ ಉತ್ತರಕ್ಕೆ ಹೋದರೆ ಹರ್ಮಿಟೇಜ್, ಪೀಟರ್‌ಹಾಫಿನ ಕಾರಂಜಿಗಳು, ಕ್ಯಾಥರೀನ್ ಅರಮನೆ. ನಮ್ಮ ಸಂಘದಲ್ಲಿ ಈ ಪ್ರವಾಸ ಮಾಡಿಬಂದ ಕುಟುಂಬಗಳು ಹಲವಿವೆ. ನಾನೂ ನನ್ನ ಪತ್ನಿಯೂ 2017ರ ಸೆಪ್ಟೆಂಬರಿನಲ್ಲಿ ಮೂವತ್ತು ಜನರ ಗುಂಪಿನೊಂದಿಗೆ ಹೋಗಿಬಂದೆವು. ಈ ಲೇಖನವನ್ನು ಪ್ರವಾಸ ಕಥನವೆಂದು ಓದಬೇಡಿ. ಒಂದು ದೇಶದ ಕಲೆಯನ್ನು ಹೊರಗಿನವರಿಗೆ ಒಂದು ವಾರದಲ್ಲಿ ತೋರಿಸುವಾಗ ಯಾವುದನ್ನು ಆರಿಸುತ್ತಾರೆ, ಯಾವುದನ್ನು ಬಿಡುತ್ತಾರೆ, ಆ ಆಯ್ಕೆಯಿಂದ ನಮ್ಮ ತಿಳಿವಳಿಕೆಗೆ ಆಗುವ ನಷ್ಟವೇನು ಎಂಬುದಷ್ಟೇ ಇಲ್ಲಿನ ವಿಷಯ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಪ್ರವಾಸಗಳು ರಷ್ಯಾದ ಅರಸರು ಏನನ್ನು ಕೊಂಡರು, ಏನನ್ನು ಕಟ್ಟಿಸಿದರು ಎಂಬುದನ್ನು ಚೆನ್ನಾಗಿಯೇ ತೋರಿಸುತ್ತವೆ. ರಷ್ಯಾದ ಚಿತ್ರಕಾರರು ತಮ್ಮ ಜನರ ನೋವನ್ನು ಕಂಡ ರೀತಿಯನ್ನು ತೋರಿಸಲು ಅವಕ್ಕೆ ಪುರಸೊತ್ತಿಲ್ಲ. ಹಾಗೆಯೇ, ಒಡೆದು ಮತ್ತೆ ಕಟ್ಟಿದ್ದನ್ನು ಎಂದೂ ಒಡೆದಿರಲೇ ಇಲ್ಲವೆಂಬಂತೆ ತೋರಿಸುತ್ತವೆ.

ವೇಳಾಪಟ್ಟಿ ಹೇಳುವ ಕಥೆ

ನಮ್ಮ ವೇಳಾಪಟ್ಟಿಯಲ್ಲಿ ಹರ್ಮಿಟೇಜಿಗೆ ಎರಡೂವರೆ ಗಂಟೆ, ಕ್ಯಾಥರೀನ್ ಅರಮನೆಗೆ ಅರ್ಧ ದಿನ, ಅಂಬರ್ ಆಭರಣದ ಅಂಗಡಿಗೆ ಮುಕ್ಕಾಲು ಗಂಟೆ ಇತ್ತು. ಟ್ರೆಟ್ಯಾಕೋವ್ ಗ್ಯಾಲರಿಗೆ ಸಿಕ್ಕಿದ್ದು ಒಂದು ಗಂಟೆ ಹತ್ತು ನಿಮಿಷ. ಪೀಟರ್ಸ್‌ಬರ್ಗಿನ ರಷ್ಯನ್ ಮ್ಯೂಸಿಯಂ ಪಟ್ಟಿಯಲ್ಲೇ ಇರಲಿಲ್ಲ. ಅಂಗಡಿಯ ಮಾತು ಬಿಡಿ, ಅದು ಎಲ್ಲ ದೇಶದ ಪ್ರವಾಸಗಳಲ್ಲೂ ಇರುವಂಥದ್ದೇ. ಉಳಿದ ಅಂಕಿಗಳನ್ನು ಸ್ವಲ್ಪ ಗಮನಿಸಬೇಕು.

ಹರ್ಮಿಟೇಜ್ ಮೂಲತಃ ಅರಮನೆಯ ಖಾಸಗಿ ಸಂಗ್ರಹ. ಎರಡನೆಯ ಕ್ಯಾಥರೀನ್ 1764ರಲ್ಲಿ ಬರ್ಲಿನ್ನಿನ ವ್ಯಾಪಾರಿಯೊಬ್ಬನ ಚಿತ್ರಸಂಗ್ರಹವನ್ನು ಕೊಂಡಲ್ಲಿಂದ ಅದರ ಚರಿತ್ರೆ ಶುರುವಾಗುತ್ತದೆ. ಸಾರ್ವಜನಿಕರಿಗೆ ಅದು ತೆರೆದದ್ದು 1852ರಲ್ಲಿ. ಲಿಯನಾರ್ಡೊ, ರೆಂಬ್ರಾಂಟ್, ಟಿಷಿಯನ್ ಎಲ್ಲರೂ ಅಲ್ಲಿದ್ದಾರೆ. ಜಗತ್ತಿನ ಅತಿ ದೊಡ್ಡ ಸಂಗ್ರಹಾಲಯಗಳಲ್ಲಿ ಅದೂ ಒಂದು, ನೋಡಲೇಬೇಕು. ಆದರೆ ಅಲ್ಲಿ ಪ್ರವಾಸಿಗೆ ತೋರಿಸುವ ಚಿತ್ರಗಳು ಬಹುಪಾಲು ಇಟಲಿ, ಹಾಲೆಂಡ್, ಫ್ರಾನ್ಸ್ ದೇಶಗಳವು.

ಟ್ರೆಟ್ಯಾಕೋವ್ ಗ್ಯಾಲರಿಯ ಹುಟ್ಟೇ ಬೇರೆ. ಪಾವೆಲ್ ಟ್ರೆಟ್ಯಾಕೋವ್ ಮಾಸ್ಕೋದ ಬಟ್ಟೆ ವ್ಯಾಪಾರಿ. 1856ರಿಂದ ತನ್ನ ಕಾಲದ ರಷ್ಯನ್ ಚಿತ್ರಕಾರರ ಕೃತಿಗಳನ್ನು ಕೊಳ್ಳುತ್ತಾ ಬಂದು, 1892ರಲ್ಲಿ ಎಲ್ಲವನ್ನೂ ಮಾಸ್ಕೋ ನಗರಕ್ಕೆ ದಾನ ಮಾಡಿದ. ಅವನು ಬೆನ್ನಿಗೆ ನಿಂತ ಕಲಾವಿದರಲ್ಲಿ ಮುಖ್ಯರಾದವರು ಸಂಚಾರಿ ಕಲಾವಿದರು. 1863ರಲ್ಲಿ ಪೀಟರ್ಸ್‌ಬರ್ಗಿನ ಕಲಾ ಅಕಾಡೆಮಿ ಚಿನ್ನದ ಪದಕದ ಸ್ಪರ್ಧೆಗೆ ಸ್ಕ್ಯಾಂಡಿನೇವಿಯದ ಪುರಾಣದಿಂದ ಒಂದು ವಸ್ತುವನ್ನು ಗೊತ್ತುಮಾಡಿದಾಗ, ಅದನ್ನು ಬರೆಯಲೊಲ್ಲೆವೆಂದು ಹದಿನಾಲ್ಕು ವಿದ್ಯಾರ್ಥಿಗಳು ಹೊರನಡೆದರು. ಅವರ ಮುಂದಾಳು ಇವಾನ್ ಕ್ರಾಮ್‌ಸ್ಕೋಯ್. 1870ರಲ್ಲಿ ಅವನೂ ಅವನ ಸಂಗಡಿಗರೂ ಒಂದು ಸಂಘ ಕಟ್ಟಿಕೊಂಡು, ರಾಜಧಾನಿಯ ಚಿತ್ರಗಳನ್ನು ಊರಿಂದೂರಿಗೆ ಸಾಗಿಸಿ ಜನರಿಗೆ ತೋರಿಸತೊಡಗಿದರು. ಪುರಾಣದ ದೇವತೆಗಳಿದ್ದ ಕಡೆ ಇವರ ಕ್ಯಾನ್ವಾಸಿನಲ್ಲಿ ರೈತ, ಕೈದಿ, ಕುಂಟ, ವಿಧವೆ ಬಂದರು. ರಷ್ಯಾದ ಕಲೆ ನೋಡಲೆಂದು ಹೋದವರು ಮೊದಲು ನೋಡಬೇಕಾದದ್ದು ಇವರನ್ನು. ಅವರಿಗೆ ಮೀಸಲಾದದ್ದು ಎಪ್ಪತ್ತು ನಿಮಿಷ.

1881ರ ಮಾರ್ಚ್ ತಿಂಗಳು

ಒಂದೇ ಉದಾಹರಣೆಯಿಂದ ಈ ಕೊರತೆಯನ್ನು ವಿವರಿಸಬಹುದು. ಪೀಟರ್ಸ್‌ಬರ್ಗಿನ ಕಾಲುವೆಯೊಂದರ ದಡದಲ್ಲಿ ಬಣ್ಣಬಣ್ಣದ ಗುಮ್ಮಟಗಳ ಚರ್ಚೊಂದಿದೆ. 1881ರಲ್ಲಿ, ಅಂದಿನ ರಷ್ಯನ್ ಪಂಚಾಂಗದಂತೆ ಮಾರ್ಚ್ 1ರಂದು (ನಮ್ಮ ಲೆಕ್ಕಕ್ಕೆ ಮಾರ್ಚ್ 13), ಚಕ್ರವರ್ತಿ ಎರಡನೆಯ ಅಲೆಕ್ಸಾಂಡರ್ ಕ್ರಾಂತಿಕಾರಿಗಳ ಬಾಂಬಿಗೆ ಬಲಿಯಾದದ್ದು ಅಲ್ಲಿಯೇ. 1883ರಿಂದ 1907ರವರೆಗೆ ಕಟ್ಟಿದ ಆ ಚರ್ಚಿಗೆ ‘ಚೆಲ್ಲಿದ ನೆತ್ತರಿನ ಮೇಲಿನ ರಕ್ಷಕನ ಚರ್ಚು’ ಎಂದೇ ಹೆಸರು. ಒಳಗೋಡೆಗಳ ತುಂಬ ಮೊಸಾಯಿಕ್. ನಮಗೆ ಅಲ್ಲಿ ಒಂದು ಗಂಟೆ ಕೊಟ್ಟರು, ಫೋಟೊಗಳಿಗೆ ಇನ್ನೂ ಇಪ್ಪತ್ತು ನಿಮಿಷ.

ಆ ಮಾರ್ಚ್ 1ರಂದೇ ಅದೇ ನಗರದಲ್ಲಿ ಸಂಚಾರಿ ಕಲಾವಿದರ ಒಂಬತ್ತನೆಯ ಪ್ರದರ್ಶನ ಆರಂಭವಾಗಿತ್ತು. ಅದಕ್ಕಾಗಿ ಮಾಸ್ಕೋದಿಂದ ಬಂದಿದ್ದ ಇಲ್ಯಾ ರೇಪಿನ್ ಮಾರನೆಯ ದಿನದಿಂದ ನಾಲ್ಕು ದಿನ ಮಿಲಿಟರಿ ಆಸ್ಪತ್ರೆಯೊಂದಕ್ಕೆ ಹೋಗಿ ಒಬ್ಬ ರೋಗಿಯ ಭಾವಚಿತ್ರ ಬರೆದ. ಆ ರೋಗಿ ಸಂಗೀತಗಾರ ಮಾಡೆಸ್ಟ್ ಮುಸೋರ್ಗ್‌ಸ್ಕಿ. ಅತಿಯಾದ ಕುಡಿತದಿಂದ ಜರ್ಝರಿತನಾಗಿ, ಮೂರ್ಛೆ ಬಂದು ಆಸ್ಪತ್ರೆ ಸೇರಿದ್ದ. ಸೈನ್ಯದ ಆಸ್ಪತ್ರೆಯಲ್ಲಿ ನಾಗರಿಕನಿಗೆ ಹಾಸಿಗೆ ಸಿಗುವಂತಿರಲಿಲ್ಲ. ಲೆವ್ ಬೆರ್ಟೆನ್ಸನ್ ಎಂಬ ವೈದ್ಯ ಅವನನ್ನು ತನ್ನ ಪರಿಚಾರಕನೆಂದು ದಾಖಲೆಯಲ್ಲಿ ತೋರಿಸಿ ಸೇರಿಸಿಕೊಂಡಿದ್ದ. ಚಿತ್ರ ಮುಗಿದ ಹನ್ನೊಂದು ದಿನಕ್ಕೆ ಮುಸೋರ್ಗ್‌ಸ್ಕಿ ತೀರಿಕೊಂಡ. ಆಗ ಅವನಿಗೆ ವಯಸ್ಸು 42.

ಚಿತ್ರದಲ್ಲಿ ಅವನು ಕಡುಗೆಂಪು ಅಂಚಿನ ಹಸಿರು ಬಣ್ಣದ ನಿಲುವಂಗಿ ತೊಟ್ಟಿದ್ದಾನೆ. ತಲೆಗೂದಲು ಕೆದರಿದೆ, ಮುಖ ಊದಿದೆ, ಮೂಗು ಕೆಂಪಾಗಿದೆ, ಕಣ್ಣಲ್ಲಿ ನೀರಿನ ಪಸೆ. ಚಿತ್ರ ನೋಡಿ ರೋಗನಿರ್ಣಯ ಮಾಡುವುದು ನಮ್ಮ ವೃತ್ತಿಯವರ ಕೆಟ್ಟ ಚಟ. ಆದರೆ ಇಲ್ಲಿ ಅದಕ್ಕೆ ಕೆಲಸವಿಲ್ಲ, ರೋಗವನ್ನು ರೇಪಿನ್ ಮುಚ್ಚಿಟ್ಟೇ ಇಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. ಮದ್ಯವ್ಯಸನಿ ರೋಗಿಗಳನ್ನು ವಾರ್ಡಿನಲ್ಲಿ ನೋಡುವ ನೋಟ ಹೇಗಿರುತ್ತದೆಂದು ವೈದ್ಯರಿಗೂ ದಾದಿಯರಿಗೂ ಗೊತ್ತು. ಬೇಸರ, ಉಪದೇಶ, ಒಂದಿಷ್ಟು ತಾತ್ಸಾರ. ರೇಪಿನ್ನನ ಕುಂಚದಲ್ಲಿ ಈ ಮೂರೂ ಇಲ್ಲ. ಹಾಗೆಂದು ಕರುಣೆ ಉಕ್ಕಿಸುವ ಪ್ರಯತ್ನವೂ ಇಲ್ಲ. ಪಕ್ಕಕ್ಕೆ ತಿರುಗಿದ ಆ ಕಣ್ಣುಗಳಲ್ಲಿ ಇನ್ನೂ ಏನನ್ನೋ ಯೋಚಿಸುತ್ತಿರುವ ಒಬ್ಬ ಮನುಷ್ಯ ಕಾಣುತ್ತಾನೆ. ರೋಗದ ಲಕ್ಷಣಗಳನ್ನೆಲ್ಲ ಬರೆದೂ ರೋಗಿಯನ್ನು ರೋಗಕ್ಕಿಂತ ದೊಡ್ಡವನಾಗಿ ಉಳಿಸಿಕೊಳ್ಳುವುದು ಕೇಸ್ ಶೀಟ್ ಬರೆಯುವವರಿಗೂ ಸುಲಭವಾಗಿ ಬರುವ ವಿದ್ಯೆಯಲ್ಲ. ವೈದ್ಯಕೀಯ ಓದುವ ಮಕ್ಕಳಿಗೆ ಈ ಚಿತ್ರವನ್ನು ತೋರಿಸಬೇಕೆಂದು ನನಗೆ ಬಲವಾಗಿ ಅನಿಸಿತು.

ಈ ಚಿತ್ರದ ಮುಂದೆ ನಮ್ಮ ಗುಂಪು ನಿಂತದ್ದು ಅರ್ಧ ನಿಮಿಷ. ನಮ್ಮ ಗೈಡ್ ಕಲೆಯ ಚರಿತ್ರೆಯನ್ನು ಓದಿಕೊಂಡಿದ್ದ ಹೆಣ್ಣುಮಗಳು. ರೇಪಿನ್ ಬಗ್ಗೆ ಹೇಳಲು ಅವಳಲ್ಲಿ ಬೇಕಾದಷ್ಟಿತ್ತು, ಆದರೆ ಹೊರಗೆ ಬಸ್ಸು ಕಾಯುತ್ತಿತ್ತು. ದೋಷ ಅವಳದಲ್ಲ, ಪಟ್ಟಿ ಮಾಡಿದವರದು. ಚಕ್ರವರ್ತಿ ಸತ್ತ ಜಾಗಕ್ಕೂ ಈ ಭಾವಚಿತ್ರಕ್ಕೂ ನಡುವೆ ಒಂದೇ ಒಂದು ದಿನದ ಅಂತರವಿದೆ ಎಂಬುದನ್ನು ನಾನು ತಿಳಿದದ್ದು ಊರಿಗೆ ಬಂದು ಪುಸ್ತಕ ಹಿಡಿದಾಗ. ಮುಸೋರ್ಗ್‌ಸ್ಕಿ 1874ರಲ್ಲಿ ರಚಿಸಿದ ಹೆಸರಾಂತ ಪಿಯಾನೊ ಕೃತಿಯ ವಸ್ತುವೇ ಒಂದು ಚಿತ್ರಪ್ರದರ್ಶನದ ಒಳಗೆ ನಿಧಾನವಾಗಿ ನಡೆದಾಡುವುದು. ಅವನ ಚಿತ್ರದ ಮುಂದೆಯೇ ಹಾಗೆ ನಡೆದಾಡಲು ಬಿಡುವಿರಲಿಲ್ಲ.

ಇನ್ನೂ ಸೋಜಿಗವೆಂದರೆ, ಆ ನೆತ್ತರಿನ ಚರ್ಚಿನಿಂದ ಕೆಲವೇ ನಿಮಿಷ ನಡೆದರೆ ರಷ್ಯನ್ ಮ್ಯೂಸಿಯಂ ಸಿಗುತ್ತದೆ. ರೇಪಿನ್ 1873ರಲ್ಲಿ ಮುಗಿಸಿದ ‘ವೋಲ್ಗಾದ ದೋಣಿ ಎಳೆಯುವವರು’ ಇರುವುದು ಅಲ್ಲಿ. ಮರಳ ದಡದಲ್ಲಿ ಹನ್ನೊಂದು ಮಂದಿ ಎದೆಗೆ ಪಟ್ಟಿ ಕಟ್ಟಿಕೊಂಡು ದೋಣಿಯನ್ನು ಎಳೆಯುತ್ತಿದ್ದಾರೆ. ಹರೆಯದ ಹುಡುಗನೊಬ್ಬ ಮಾತ್ರ ತಲೆಯೆತ್ತಿ ಪಟ್ಟಿಯನ್ನು ಸಡಿಲಿಸಿಕೊಳ್ಳುತ್ತಿದ್ದಾನೆ. ನಾವಿಬ್ಬರೂ ಸಂಜೆಯ ಜಾನಪದ ನೃತ್ಯದ ಕಾರ್ಯಕ್ರಮ ಬಿಟ್ಟು, ಸ್ವಂತ ಖರ್ಚಿನಲ್ಲಿ ಟಿಕೆಟ್ ಕೊಂಡು ಅದನ್ನು ನೋಡಿಬಂದೆವು.

ಹೊಸದಾಗಿ ಕಟ್ಟಿದ ಹಳೆಯದು

ಎರಡನೆಯ ಆಕ್ಷೇಪ ಕಟ್ಟಡಗಳ ಬಗ್ಗೆ. ಕ್ಯಾಥರೀನ್ ಅರಮನೆಯ ಅಂಬರ್ ಕೋಣೆಯ ಹೊಳಪಿಗೆ ಮನಸೋಲದವರಿಲ್ಲ. ಆದರೆ ಮೂಲ ಕೋಣೆಯನ್ನು 1941ರಲ್ಲಿ ಜರ್ಮನ್ ಸೈನ್ಯ ಬಿಚ್ಚಿ ಸಾಗಿಸಿತು, ಅದು ಮತ್ತೆ ಸಿಗಲಿಲ್ಲ. ಇಂದು ಕಾಣುವುದು 1979ರಲ್ಲಿ ಕೆಲಸ ಆರಂಭಿಸಿ 2003ರಲ್ಲಿ ತೆರೆದ ಮರುನಿರ್ಮಾಣ. ಪೀಟರ್‌ಹಾಫಿನ ನಡುವಿನ ಕಾರಂಜಿಯಲ್ಲಿ ಸಿಂಹದ ಬಾಯಿ ಸೀಳುವ ಸ್ಯಾಮ್ಸನ್ ವಿಗ್ರಹವೂ ಯುದ್ಧದಲ್ಲಿ ಕಳೆದುಹೋಯಿತು. ಈಗಿರುವುದು 1947ರದು. ಮಾಸ್ಕೋದ ರಕ್ಷಕ ಕ್ರಿಸ್ತನ ಕ್ಯಾಥೆಡ್ರಲನ್ನು ಕೆಡವಿದ್ದು ಹೊರಗಿನ ಶತ್ರುವಲ್ಲ. 1931ರ ಡಿಸೆಂಬರಿನಲ್ಲಿ ಸ್ಟಾಲಿನ್ ಸರ್ಕಾರವೇ ಅದನ್ನು ಸಿಡಿಸಿತು. ಬಹುಕಾಲ ಅಲ್ಲಿ ತೆರೆದ ಈಜುಕೊಳವಿತ್ತು. ಈಗಿನ ಕಟ್ಟಡ ಪ್ರತಿಷ್ಠಾಪನೆಯಾದದ್ದು 2000ದಲ್ಲಿ.

ಈ ವಿವರಗಳನ್ನು ಯಾರೂ ಗುಟ್ಟು ಮಾಡಿಲ್ಲ, ಕೇಳಿದರೆ ಹೇಳುತ್ತಾರೆ. ಆದರೆ ಕಿವಿಗೆ ಸಿಕ್ಕಿಸಿಕೊಂಡ ಯಂತ್ರದಲ್ಲಿ ನಮಗೆ ಕೇಳಿಸಿದ್ದು ಎಷ್ಟು ಕಿಲೋ ಚಿನ್ನ, ಎಷ್ಟು ಕೋಣೆಗಳು, ಯಾವ ರಾಣಿಯ ಕಾಲ ಎಂಬುದು ಮಾತ್ರ. ಶಸ್ತ್ರಚಿಕಿತ್ಸೆಯ ಗುರುತನ್ನು ನೋಡದೆ ಹೊಟ್ಟೆ ಪರೀಕ್ಷಿಸುವ ವೈದ್ಯನಿಗೆ ರೋಗಿಯ ಚರಿತ್ರೆ ಅರ್ಧ ಮಾತ್ರ ದಕ್ಕುತ್ತದೆ. ಕಟ್ಟಡಗಳ ವಿಷಯದಲ್ಲೂ ಅಷ್ಟೇ. ಮರುಕಟ್ಟಿದ ಕೈಗಳ ಕೌಶಲ, ಅದರ ಹಿಂದಿನ ಹಟ, ಆ ಹಟಕ್ಕೆ ಕಾರಣವಾದ ನಷ್ಟ ಇವೆಲ್ಲ ಸೇರಿದರೆ ಅಂಬರ್ ಕೋಣೆಯ ಬೆಲೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಗಾಯವನ್ನು ಒಪ್ಪಿಕೊಂಡ ಉದಾಹರಣೆಯೂ ಹರ್ಮಿಟೇಜಿನಲ್ಲೇ ಇದೆ. ರೆಂಬ್ರಾಂಟನ ‘ಡಾನೇ’ ಚಿತ್ರದ ಮೇಲೆ 1985ರ ಜೂನ್ 15ರಂದು ವ್ಯಕ್ತಿಯೊಬ್ಬ ಗಂಧಕಾಮ್ಲ ಎರಚಿ ಚಾಕುವಿನಿಂದ ಇರಿದ. ಆಮ್ಲದಿಂದ ಸುಟ್ಟ ಚರ್ಮಕ್ಕೆ ಮಾಡುವಂತೆ, ಅಲ್ಲಿಯೂ ಮೊದಲ ಚಿಕಿತ್ಸೆ ನೀರಿನಿಂದ ತೊಳೆಯುವುದೇ ಆಗಿತ್ತು. ಹನ್ನೆರಡು ವರ್ಷದ ದುರಸ್ತಿಯ ನಂತರ 1997ರಲ್ಲಿ ಚಿತ್ರ ಗೋಡೆಗೆ ಮರಳಿತು. ಕಳೆದುಹೋದ ರೆಂಬ್ರಾಂಟನನ್ನು ತಾವೇ ಹೊಸದಾಗಿ ಬರೆದು ತುಂಬುವ ಕೆಲಸಕ್ಕೆ ದುರಸ್ತಿಗಾರರು ಹೋಗಲಿಲ್ಲ. ಉಳಿದದ್ದನ್ನು ಉಳಿಸಿದರು. ನಾವು ಆ ಚಿತ್ರದ ಮುಂದೆ ನಡೆದುಹೋದಾಗ ಕಿವಿಯಲ್ಲಿ ಪೌರಾಣಿಕ ಕಥೆಯಷ್ಟೇ ಕೇಳಿಸಿತು.

ಗೈಡ್ ಎಂಬ ವೃತ್ತಿಯ ಅತ್ಯುತ್ತಮ ನಿದರ್ಶನವೂ ಇದೇ ಕಟ್ಟಡದ್ದು. ಲೆನಿನ್‌ಗ್ರಾಡಿನ ಮುತ್ತಿಗೆ 1941ರ ಸೆಪ್ಟೆಂಬರಿನಿಂದ 1944ರ ಜನವರಿಯವರೆಗೆ 872 ದಿನ ನಡೆಯಿತು. ಅದಕ್ಕೂ ಮೊದಲೇ ಹತ್ತು ಲಕ್ಷಕ್ಕೂ ಹೆಚ್ಚು ವಸ್ತುಗಳನ್ನು ಎರಡು ರೈಲುಗಳಲ್ಲಿ ಉರಾಲ್ ಪ್ರದೇಶಕ್ಕೆ ಕಳಿಸಿದ್ದರು. ಚಿತ್ರಗಳನ್ನು ಬಿಚ್ಚಿ ಒಯ್ದರೂ, ಮತ್ತೆ ಬಂದಾಗ ಜಾಗ ಗೊತ್ತಾಗಲೆಂದು ಖಾಲಿ ಚೌಕಟ್ಟುಗಳನ್ನು ಗೋಡೆಯಲ್ಲೇ ಬಿಟ್ಟಿದ್ದರು. ಸಂಗ್ರಹಾಲಯವನ್ನು ಶುಚಿಗೊಳಿಸಲು ನೆರವಾದ ಯುವ ಸೈನಿಕರನ್ನು ಪಾವೆಲ್ ಗುಬ್ಚೆವ್‌ಸ್ಕಿ ಎಂಬ ಸಿಬ್ಬಂದಿ ಆ ಖಾಲಿ ಚೌಕಟ್ಟುಗಳ ಮುಂದೆ ಕರೆದೊಯ್ದು, ಒಂದೊಂದರಲ್ಲೂ ಇದ್ದ ಚಿತ್ರವನ್ನು ನೆನಪಿನಿಂದಲೇ ವರ್ಣಿಸಿದ. ಚಿತ್ರಗಳಿಲ್ಲದೆಯೇ ಅಂದು ಚಿತ್ರ ತೋರಿಸಿದರು. ಇಂದು ಚಿತ್ರಗಳಿದ್ದೂ ತೋರಿಸಲು ಸಮಯವಿಲ್ಲ ಎನ್ನುವುದು ಸರಿಯಾದ ನೆಪವಲ್ಲ.

ನಮಗೆ ಹತ್ತಿರದ ಒಂದು ಕೊಂಡಿ

ಟ್ರೆಟ್ಯಾಕೋವ್ ಗ್ಯಾಲರಿಯಲ್ಲಿ ನಿಕೊಲಾಯ್ ರೋರಿಕ್‌ನ 1901ರ ಚಿತ್ರವೊಂದಿದೆ: ನೀಲಿ ನೀರಿನ ಮೇಲೆ ಬಣ್ಣದ ಹಾಯಿಗಳ ದೋಣಿಗಳಲ್ಲಿ ಬರುವ ಸಾಗರದಾಚೆಯ ಅತಿಥಿಗಳು. ಹಿಮಾಲಯದ ನಗ್ಗರ್‌ನಲ್ಲಿ 1947ರಲ್ಲಿ ತೀರಿಕೊಂಡ ಈ ಕಲಾವಿದನ ಮಗ ಸ್ವೆಟೋಸ್ಲಾವ್ ಹುಟ್ಟಿದ್ದು 1904ರಲ್ಲಿ ಪೀಟರ್ಸ್‌ಬರ್ಗಿನಲ್ಲಿ, ತೀರಿಕೊಂಡದ್ದು 1993ರಲ್ಲಿ ಬೆಂಗಳೂರಿನಲ್ಲಿ. ಪತ್ನಿ ದೇವಿಕಾ ರಾಣಿಯೊಡನೆ ಅವರು ಕನಕಪುರ ರಸ್ತೆಯ ತಾತಗುಣಿ ತೋಟದಲ್ಲಿ ಬಾಳಿದವರು. ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಅವರ ಚಿತ್ರಗಳನ್ನು ನೋಡಿದವರು ನಮ್ಮಲ್ಲಿದ್ದಾರೆ. ನಮ್ಮ ಗುಂಪಿನಲ್ಲಿ ಅರ್ಧದಷ್ಟು ಜನ ಬೆಂಗಳೂರಿನ ಮೂಲದವರು. ಎಲ್ಲರೂ ಆ ದೋಣಿಗಳ ಮುಂದೆ ಹಾದುಹೋದೆವು, ಒಂದು ಮಾತೂ ಕೇಳಿಬರಲಿಲ್ಲ. ಪ್ರವಾಸಿಗಳು ಎಲ್ಲಿಂದ ಬಂದವರೆಂದು ಆಯೋಜಕರು ಕೇಳಿಕೊಂಡಿದ್ದು ಊಟದ ಮೆನುವಿಗಾಗಿ ಮಾತ್ರ.

ಈಗ ಏನು ಮಾಡಬಹುದು

ಉಕ್ರೇನಿನ ಮೇಲೆ 2022ರಲ್ಲಿ ಶುರುವಾದ ಯುದ್ಧದ ನಂತರ ಅಮೆರಿಕದಿಂದ ಅಲ್ಲಿಗೆ ಹೋಗುವುದು ವಿವೇಕದ ಮಾತಲ್ಲ. ಯುದ್ಧ ಚಿತ್ರಗಳ ಹಣೆಚೀಟಿಗಳನ್ನೂ ಬದಲಿಸಿದೆ. ರೇಪಿನ್ ಹುಟ್ಟಿದ್ದು ಇಂದಿನ ಉಕ್ರೇನಿನ ಖಾರ್ಕಿವ್ ಬಳಿಯ ಊರಲ್ಲಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2023ರಲ್ಲಿ ಅವನನ್ನು ಉಕ್ರೇನಿನ ಕಲಾವಿದನೆಂದು ಗುರುತಿಸಿತು. ‘ರಷ್ಯಾದ ಕಲೆ’ ಎಂಬ ಶೀರ್ಷಿಕೆಯನ್ನು ಇನ್ನು ಮುಂದೆ ಅಷ್ಟು ಸಲೀಸಾಗಿ ಬಳಸಲಾಗದು.

ಅದೇ ಮ್ಯೂಸಿಯಂನಲ್ಲಿ ರೇಪಿನ್ 1884ರಲ್ಲಿ ಬರೆದ ಲೇಖಕ ಗಾರ್ಶಿನ್‌ನ ಭಾವಚಿತ್ರವಿದೆ. ಮಾನಸಿಕ ಕಾಯಿಲೆಯಿಂದ ನರಳಿ 33ರ ವಯಸ್ಸಿಗೇ ಆತ್ಮಹತ್ಯೆ ಮಾಡಿಕೊಂಡ ಮನುಷ್ಯ ಅವನು. ಮುಸೋರ್ಗ್‌ಸ್ಕಿಯ ಚಿತ್ರದ ಬಗ್ಗೆ ನಾನು ಹೇಳಿದ್ದು ಆ ಕಣ್ಣುಗಳಿಗೂ ಸಲ್ಲುತ್ತದೆ. ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಸೋವಿಯತ್ ಸರ್ಕಾರ 1930-31ರಲ್ಲಿ ಹಣಕ್ಕಾಗಿ ಆಂಡ್ರ್ಯೂ ಮೆಲನ್‌ಗೆ ಮಾರಿದ ಹರ್ಮಿಟೇಜಿನ 21 ಚಿತ್ರಗಳಲ್ಲಿ ರಫೇಲನ ‘ಆಲ್ಬಾ ಮಡೊನ್ನಾ’ ಮತ್ತು ವಾನ್ ಐಕ್‌ನ ‘ಅನನ್ಸಿಯೇಷನ್’ ಇವೆ. ನಮ್ಮ ಸಂಘದ ಮಕ್ಕಳು ಶಾಲೆಯ ರಜೆಯಲ್ಲಿ ಈ ಎರಡೂ ನಗರಗಳಿಗೆ ಹೋಗುತ್ತಲೇ ಇರುತ್ತಾರೆ.

ಹೋಗುವವರಿಗೆ ನನ್ನ ಸಲಹೆ ಇಷ್ಟೇ. ಯಾವ ದೇಶದ ಪ್ರವಾಸವೇ ಆಗಲಿ, ಹಣ ಕಟ್ಟುವ ಮೊದಲು ವೇಳಾಪಟ್ಟಿಯ ಗಂಟೆಗಳನ್ನು ಓದಿ. ಆ ದೇಶದವರೇ ಬರೆದ ಚಿತ್ರಗಳಿಗೆ ಎಷ್ಟು ಸಮಯವಿದೆ ಎಂದು ಕೇಳಿ. ಕಟ್ಟಡದ ಮುಂದೆ ನಿಂತಾಗ, ಇದರಲ್ಲಿ ಯಾವ ಭಾಗ ಯಾವ ವರ್ಷದ್ದು ಎಂದು ಗೈಡನ್ನು ಕೇಳಿ. ಗುಂಪಿನಲ್ಲಿ ಒಬ್ಬರು ಕೇಳಿದರೂ ಸಾಕು, ಹೇಳಲು ಗೊತ್ತಿರುವ ಗೈಡ್‌ಗಳಿಗೆ ಅದರಿಂದ ಖುಷಿಯಾಗುತ್ತದೆ. ಒಂದು ಸಂಜೆಯ ಕಾರ್ಯಕ್ರಮ ಬಿಟ್ಟು ಒಂದೇ ಚಿತ್ರದ ಮುಂದೆ ಹದಿನೈದು ನಿಮಿಷ ಕುಳಿತುಕೊಳ್ಳಿ. ಮ್ಯೂಸಿಯಂಗಳಲ್ಲಿ ಅದಕ್ಕೆಂದೇ ಬೆಂಚುಗಳನ್ನು ಹಾಕಿರುತ್ತಾರೆ.