ಗೇಣಿಗಿಂತ ಹತ್ತಿರದ ನೀರು

ಜಪಾನಿನ ಹೇಆನ್ ಯುಗದ ಶ್ರೀಮಂತರು ಕ್ಯೋತೋ ನಗರದಲ್ಲಿ ಕಟ್ಟಿಕೊಂಡ ‘ಶಿಂದೆನ್’ ಶೈಲಿಯ ಮಹಾಗೃಹಗಳಲ್ಲಿ ಒಂದಾದರೂ ಇಂದು ಉಳಿದಿಲ್ಲ. ಫುಜಿವಾರಾ ವಂಶದ ಸುಪ್ರಸಿದ್ಧವಾದ ಹಿಗಾಶಿ ಸಾಂಜೋ ಭವನವು 1166ರಲ್ಲಿಯೇ ಅಗ್ನಿಗೆ ಆಹುತಿಯಾಯಿತು. ಅದಾಗ್ಯೂ ಹಳೆಯ ದಿನಚರಿಗಳನ್ನೂ ಚಿತ್ರಸುರುಳಿಗಳನ್ನೂ ಆಧರಿಸಿ ವಿದ್ವಾಂಸರು ಪುನಾರಚಿಸಿದ ನಕ್ಷೆಗಳನ್ನು ಮುಂದಿಟ್ಟುಕೊಂಡು ಕುಳಿತಾಗ, ನನ್ನ ಕಣ್ಣು ದಕ್ಷಿಣಾಭಿಮುಖವಾದ ಪ್ರಧಾನ ಭವನದಲ್ಲಿ ನಿಲ್ಲಲೊಲ್ಲದೆ, ಪಾರ್ಶ್ವದಿಂದ ಹೊರಟು ತೋಟದತ್ತ ಚಾಚಿದ ಕೈಸಾಲೆಯನ್ನು ಹಿಡಿದು, ಅದರ ತುದಿಯಲ್ಲಿ ಕೊಳದ ಮೇಲೆ ನಿಂತ ಚಿಕ್ಕ ಮಂಟಪಕ್ಕೇ ಹೋಗಿ ಸೇರುತ್ತದೆ. ಅದೇ ‘ತ್ಸುರಿದೊನೊ’, ಮೀನು ಹಿಡಿಯುವ ಮನೆಯೆಂದು ಅದರರ್ಥ.

ಈ ಮಂಟಪದ ಚೆಲುವೆಲ್ಲ ಅದು ತೊರೆದುದರಲ್ಲಿದೆಯೆಂದು ನನ್ನ ಭಾವನೆ. ಒಳಮನೆಯಲ್ಲಿ ಜಾಲರಿಯ ಕದಗಳೂ ಬಿದಿರಿನ ತೆರೆಗಳೂ ಪದರಪದರವಾಗಿ ಕವಿದಿರಲು, ಕೈಸಾಲೆಗೆ ಬಂದೊಡನೆ ಅವು ವಿರಳವಾಗಿ, ನಡುಬಾಗಿಲನ್ನು ದಾಟಿದ ಮೇಲೆ ಗೋಡೆಯೂ ಕಳೆದು, ಕಟ್ಟಕಡೆಗೆ ಕಂಬ, ಮಾಡು, ಹಲಗೆ ಇಷ್ಟೇ ಉಳಿದು, ಕಾಲಡಿಯ ನೆಲವೇ ನೀರಾಗುವ ಈ ಕ್ರಮವನ್ನು ಕಲ್ಪಿಸಿದವನು, ರಾಜಸಭೆಯ ವಿಧಿನಿಯಮಗಳಿಂದ ಬಿಗಿದುಹೋದ ಮನುಷ್ಯನು ಹೆಜ್ಜೆಹೆಜ್ಜೆಗೂ ಹಗುರವಾಗಲೆಂದು ಬಯಸಿದ್ದನೇನೊ!

ಹನ್ನೊಂದನೆಯ ಶತಮಾನದ ತಾಚಿಬಾನಾ ನೊ ತೊಶಿತ್ಸುನನ ಕೃತಿಯೆಂದು ಪರಂಪರೆ ಹೇಳುವ ‘ಸಕುತೇಇಕಿ’ ಎಂಬ ಉದ್ಯಾನಶಾಸ್ತ್ರವು, ಮಂಟಪದ ಜಗಲಿಯ ಕೆಳತೊಲೆಗೂ ಕೊಳದ ನೀರಿಗೂ ನಡುವೆ 4–5 ‘ಸುನ್’, ಎಂದರೆ ಸುಮಾರು 12–15 ಸೆಂಟಿಮೀಟರು ಅಂತರವಿರಲೆಂದು ವಿಧಿಸುತ್ತದೆ. ಒಂದು ಗೇಣೂ ಇಲ್ಲ! ಇನ್ನಷ್ಟು ತಗ್ಗಿದರೆ ಮಳೆಗೆ ಹಲಗೆ ನೆನೆದೀತು. ಇನ್ನಷ್ಟು ಏರಿದರೆ ಕುಳಿತವನು ನೀರಿನ ಸಂಗಾತಿಯಾಗದೆ ಬರಿಯ ಪ್ರೇಕ್ಷಕನಾದಾನು. ‘ಗೆಂಜಿಯ ಕಥೆ’ಯ ‘ತೊಕೊನತ್ಸು’ ಅಧ್ಯಾಯದಲ್ಲಿ, ಕಡುಬೇಸಗೆಯ ದಿನ ನಾಯಕನು ಇಂಥದೊಂದು ಮಂಟಪಕ್ಕೆ ಬಂದು, ನದಿಯ ಮೀನನ್ನು ಕಣ್ಣೆದುರಿಗೇ ಪಾಕಮಾಡಿಸಿಕೊಳ್ಳುವುದನ್ನು ಓದುವಾಗ, ಆ ಅಳತೆಯ ಔಚಿತ್ಯವು ಮನಸ್ಸಿಗೆ ತಾನಾಗಿ ಹೊಳೆಯುತ್ತದೆ.

ಬೇರೆಡೆ ಕಟ್ಟಿದವರು ಈ ರೂಪವನ್ನು ಮರೆಯಲಿಲ್ಲ, ಆದರೆ ಅದರ ಮರ್ಮವನ್ನು ಕೈಬಿಟ್ಟರು. ಉಜಿಯಲ್ಲಿ 1053ರಲ್ಲಿ ಪೂರ್ಣಗೊಂಡ ಬ್ಯೋದೋಇನ್ ಮಂದಿರದ ರೆಕ್ಕೆಯಂಥ ಕೈಸಾಲೆಗಳು ಭವ್ಯವಾಗಿವೆ, ನಿಜ; ಆದರೆ ಅವು ಆಚೆಯ ದಡದಿಂದ ನೋಡತಕ್ಕವು, ನಡೆಯತಕ್ಕವಲ್ಲ. 1950ರಲ್ಲಿ ಸುಟ್ಟು 1955ರಲ್ಲಿ ಮತ್ತೆ ಎದ್ದ ಕಿಂಕಾಕು ಸುವರ್ಣಮಂದಿರದ ಪಶ್ಚಿಮಕ್ಕೆ ಕೊಳದೊಳಗೆ ಚಾಚಿರುವ ‘ಸೋಸೇಇ’ ಎಂಬ ಪುಟ್ಟ ಮಂಟಪವು ತ್ಸುರಿದೊನೊವಿನ ವಂಶದ್ದೇ, ಮುದ್ದಾಗಿಯೂ ಇದೆ. ಆದರೆ ಮನೆಯ ಮಗ್ಗುಲಿಗೇ ಅಂಟಿಕೊಂಡ ಅದಕ್ಕೆ ದಾರಿಯೇ ಇಲ್ಲ. ಹೊಸ್ತಿಲು ದಾಟಿದರೆ ನೀರು. ಮನೆಯನ್ನು ಮೆಲ್ಲಮೆಲ್ಲನೆ ಬಿಟ್ಟುಕೊಡುತ್ತ ಸಾಗುವ ಆ ದೀರ್ಘವಾದ ನಡಿಗೆಯನ್ನು ಬಯಸುವವರು ಈಗಲೂ ಹಿಗಾಶಿ ಸಾಂಜೋ ಭವನದ ನಕ್ಷೆಯ ಮೇಲೆ ಬೆರಳಾಡಿಸಿಯೇ ಅದನ್ನು ಪಡೆಯಬೇಕಾಗಿದೆ.