ಕಮೂನ ಮನೆಯ ಮೌನ

ಅಲ್ಬೇರ್ ಕಮೂ ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗುವುದು 'ಅಸಂಗತ' ಅನ್ನುವ ಮಾತು. ನವ್ಯರ ಕೈಯಿಂದ ನಮಗೆ ಸಿಕ್ಕಿದ್ದೇ ಹಾಗೆ: ಒಂಟಿ ಮನುಷ್ಯ, ಸಿಗರೇಟು, ಶೂನ್ಯ. ಅವನ ತಾಯಿ ಕಂಡವರ ಮನೆಯ ನೆಲ ಒರೆಸುತ್ತಿದ್ದಳು ಅನ್ನೋದನ್ನು ನಮಗೆ ಯಾರೂ ಹೇಳಿಕೊಡಲಿಲ್ಲ. ನಾವು ಅಲ್ಲಿಂದಲೇ ಶುರುಮಾಡುತ್ತೇವೆ.

ಕಮೂ ಹುಟ್ಟಿದ್ದು 1913ರಲ್ಲಿ, ಫ್ರೆಂಚರ ಹಿಡಿತದಲ್ಲಿದ್ದ ಅಲ್ಜೀರಿಯಾದಲ್ಲಿ. ಮರುವರ್ಷವೇ ಅಪ್ಪ ಯುದ್ಧದಲ್ಲಿ ಸತ್ತ. ಆಲ್ಜಿಯರ್ಸ್ ನಗರದ ಬೆಲ್ಕೂರ್‌ನಲ್ಲಿ ಇಕ್ಕಟ್ಟಿನ ಮನೆ. ತಾಯಿಗೆ ಅಕ್ಷರ ಬಾರದು, ಕಿವಿ ಮಂದ, ಮಾತೂ ತಡವರಿಕೆ. ಸೋದರಮಾವ ಪೀಪಾಯಿ ಕೆಲಸದವನು, ಅವನಿಗೂ ಮಾತು ಅಷ್ಟಕ್ಕಷ್ಟೆ. ಚಾಟಿ ಹಿಡಿದ ಅಜ್ಜಿಯದೇ ಯಜಮಾನಿಕೆ. ಲೂಯಿ ಜರ್ಮೈನ್ ಅನ್ನುವ ಪ್ರಾಥಮಿಕ ಶಾಲೆಯ ಮೇಷ್ಟ್ರು ಆ ಅಜ್ಜಿಯನ್ನು ಒಪ್ಪಿಸಿ ಹುಡುಗನನ್ನು ವಿದ್ಯಾರ್ಥಿವೇತನದ ಪರೀಕ್ಷೆಗೆ ಕೂರಿಸಿದರು. ಇಲ್ಲದಿದ್ದರೆ ಅವನೂ ಪೀಪಾಯಿ ಬಡಿಯಬೇಕಿತ್ತು. 1957ರಲ್ಲಿ ನೊಬೆಲ್ ಬಂದಾಗ ಕಮೂ ತಾಯಿಯ ನಂತರ ನೆನೆದದ್ದು ಈ ಮೇಷ್ಟ್ರನ್ನೇ. ಹಳ್ಳಿ ಶಾಲೆಯ ಗೆಳೆಯರು ಇಲ್ಲಿ ಒಂದು ಗಳಿಗೆ ನಿಂತರೂ ತಪ್ಪಿಲ್ಲ.

1942ರಲ್ಲಿ ಬಂದ 'ಲೆತ್ರಾಂಜೆ', ಅಂದರೆ 'ಹೊರಗಿನವ', ತುಂಡು ತುಂಡು ವಾಕ್ಯಗಳ ಕಾದಂಬರಿ. ಒಂದೊಂದು ವಾಕ್ಯವೂ ಒಂದೊಂದು ದ್ವೀಪ ಅಂತ ಸಾರ್ತ್ರ್ 1943ರಲ್ಲೇ ಹೇಳಿದ್ದ. ಈ ಗದ್ಯ ತತ್ವಶಾಸ್ತ್ರದಿಂದ ಹುಟ್ಟಿದ್ದು ಅಂತ ನಮಗನ್ನಿಸುವುದಿಲ್ಲ. ದಣಿದು ಬಂದು ಕಿಟಕಿ ಪಕ್ಕ ಸುಮ್ಮನೆ ಕೂರುವ ತಾಯಿಯ ಮನೆಯಲ್ಲಿ 'ನನಗೆ ದುಃಖವಾಗಿದೆ' ಅಂತ ಯಾರು ಯಾರಿಗೆ ಹೇಳುತ್ತಾರೆ? ಹಾಗೆ ಹೇಳೋದಕ್ಕೂ ಪುರುಸೊತ್ತು ಬೇಕು. ತಾಯಿಯ ಮಣ್ಣಿನಲ್ಲಿ ಅಳಲಿಲ್ಲ ಅಂತ ನ್ಯಾಯಾಲಯ ಮರ್ಸೋನನ್ನು ಕೊಲೆಗಿಂತ ದೊಡ್ಡ ಪಾಪ ಮಾಡಿದವನ ಹಾಗೆ ನೋಡುತ್ತದೆ. ಪಂಡಿತರು ಅದರಲ್ಲಿ ಶೂನ್ಯ ಕಂಡರು. ನಮಗೆ ಬೆಲ್ಕೂರ್ ಕಾಣುತ್ತದೆ.

ಆದರೆ ನಮ್ಮ ತಕರಾರು ಇರುವುದೂ ಇಲ್ಲೇ. ಮರ್ಸೋ ಸಮುದ್ರ ದಂಡೆಯಲ್ಲಿ ಒಬ್ಬ ಅರಬನನ್ನು ಗುಂಡಿಕ್ಕಿ ಕೊಲ್ಲುತ್ತಾನೆ. ಸತ್ತವನಿಗೆ ಹೆಸರಿಲ್ಲ. ಏಟು ತಿಂದ ಅರಬ ಹೆಂಗಸಿಗೂ ಹೆಸರಿಲ್ಲ. ವಿಚಾರಣೆಯಲ್ಲಿ ಸತ್ತವನ ಕಡೆಯ ಒಂದು ನರಪಿಳ್ಳೆಯೂ ಸಾಕ್ಷಿ ಹೇಳುವುದಿಲ್ಲ. ವಸಾಹತಿನ ನ್ಯಾಯಾಲಯ ಇದ್ದದ್ದೇ ಹಾಗೆ, ಕಮೂ ಅದನ್ನೇ ತೋರಿಸಿದ್ದಾನೆ ಅಂತ ವಾದಿಸುವವರಿದ್ದಾರೆ. ಅರ್ಧ ಒಪ್ಪುತ್ತೇವೆ. ಅವನಿಗೆ ಗೊತ್ತಿಲ್ಲದ ಲೋಕವೇನೂ ಅಲ್ಲ ಅದು: 1939ರಲ್ಲಿ ಪತ್ರಕರ್ತನಾಗಿ ಕಬೀಲಿಯಾ ಸುತ್ತಿ, ಹರಕು ಬಟ್ಟೆಯ ಮಕ್ಕಳು ನಾಯಿಗಳ ಜೊತೆ ಕಸದ ತೊಟ್ಟಿಗೆ ಕಿತ್ತಾಡೋದನ್ನು ಕಂಡು ಬರೆದವನು ಅವನೇ. ವರದಿಯಲ್ಲಿ ಇದ್ದ ಜನ ಕಾದಂಬರಿಗೆ ಬರುವಷ್ಟರಲ್ಲಿ ನೆರಳಾದರು. ಬಡ ಬಿಳಿಯನಿಗೂ ತನಗಿಂತ ಕೆಳಗೆ ಒಬ್ಬ ಅರಬ ಇದ್ದ. ಏಣಿಯ ಲೆಕ್ಕ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮಾತು ಕಡಿಮೆ ಮಾಡುವುದು ಒಂದು, ಮನುಷ್ಯರನ್ನು ಕಡಿಮೆ ಮಾಡುವುದು ಇನ್ನೊಂದು. ದೇವನೂರ ಮಹಾದೇವರ 'ಒಡಲಾಳ'ವೂ ಪುಟ್ಟ ಪುಸ್ತಕವೇ. ಅಲ್ಲಿ ಕಳೆದ ಕೋಳಿ ಹುಡುಕುವ ಮುದುಕಿಗೆ ಸಾಕವ್ವ ಅಂತ ಹೆಸರಿದೆ.

1960ರ ಜನವರಿ 4ರಂದು ಕಮೂ ಕಾರು ಅಪಘಾತದಲ್ಲಿ ಸತ್ತಾಗ ಚೀಲದಲ್ಲಿ ಒಂದು ಮುಗಿಯದ ಹಸ್ತಪ್ರತಿ ಇತ್ತು. 'ಮೊದಲ ಮನುಷ್ಯ' ಅನ್ನುವ ಆ ಕಾದಂಬರಿ ಅಚ್ಚಾದದ್ದು 1994ರಲ್ಲಿ. ಅದರ ವಾಕ್ಯಗಳು ಪುಟ ದಾಟುವಷ್ಟು ಉದ್ದ! ಹುಡುಗ ಎರಡು ಫ್ರಾಂಕಿನ ನಾಣ್ಯ ಬಚ್ಚಿಟ್ಟುಕೊಂಡು ಕಕ್ಕಸಿಗೆ ಬಿತ್ತು ಅಂತ ಸುಳ್ಳು ಹೇಳುತ್ತಾನೆ. ಅಜ್ಜಿ ತೋಳು ಮಡಿಸಿ ಆ ಹೇಲಿನೊಳಗೇ ಕೈಹಾಕಿ ಹುಡುಕುತ್ತಾಳೆ. ಶಾಲೆಯ ಅರ್ಜಿಯಲ್ಲಿ ತಾಯಿಯ ಕಸುಬು ಬರೆಯಬೇಕಾಗಿ ಬಂದಾಗ 'ಮನೆಗೆಲಸದವಳು' ಅಂತ ಬರೆಯಲು ಅವನ ಕೈ ತಡೆಯುತ್ತದೆ. ನಾಚಿಕೆಯಾಗುತ್ತದೆ, ಆಮೇಲೆ ನಾಚಿಕೊಂಡೆನಲ್ಲ ಅಂತ ಇನ್ನೊಂದು ನಾಚಿಕೆ. ಅರ್ಜಿಯಲ್ಲಿ ಜಾತಿಯ ಕಾಲಂ ತುಂಬಿದ ನಮ್ಮ ಹುಡುಗರಿಗೆ ಈ ಎರಡನೇ ನಾಚಿಕೆಯ ರುಚಿ ಗೊತ್ತು. ಅದನ್ನು ಹೇಳಲು ಅವನಿಗೆ ತುಂಡು ವಾಕ್ಯ ಸಾಲಲಿಲ್ಲ. ಪುಸ್ತಕವನ್ನು ಅರ್ಪಿಸಿದ್ದು, ಎಂದೂ ಅದನ್ನು ಓದಲಾಗದ ತಾಯಿಗೆ.

ಅರಬನಿಗೆ ಹೆಸರು ಕೊಟ್ಟದ್ದು ಅಲ್ಜೀರಿಯಾದ ಇನ್ನೊಬ್ಬ ಲೇಖಕ, ಕಮೆಲ್ ದಾವೂದ್, 2013ರ ಕಾದಂಬರಿಯಲ್ಲಿ: ಮೂಸಾ. ಕಥೆ ಹೇಳುವವನು ಅವನ ತಮ್ಮ. ಅಲ್ಲೂ ಒಬ್ಬಳು ತಾಯಿ ಇದ್ದಾಳೆ. ಮಗನ ಕೊಲೆಯ ಸುದ್ದಿ ಬಂದ ಪತ್ರಿಕೆಯ ಎರಡು ತುಣುಕು ಜೋಪಾನವಾಗಿ ಇಟ್ಟುಕೊಂಡಿದ್ದಾಳೆ. ಅವಳಿಗೂ ಓದಲು ಬಾರದು. ಕಿರಿಯ ಮಗ ಫ್ರೆಂಚ್ ಕಲಿತು ಅದನ್ನು ಅವಳಿಗೆ ಓದಿ ಹೇಳಬೇಕಾಯಿತು.